ಡೈರಿ ಚೀಟಿ ಎಸೆಯುವ ಮುಂಚೆ

ಅಕ್ಕಂದಿರೇ,

ಕನ್ನಂಬಾಡಿ ಕಟ್ಟೆ ತುಂಬಿದರೆ 124.80 ಅಡಿ ಎನ್ನುವುದು ನಮ್ಮ ಜಿಲ್ಲೆಯಲ್ಲಿ ಮಕ್ಕಳಿಗೂ ಗೊತ್ತು. ಇವತ್ತು 110 ಅಡಿ ಇದೆ ಎಂದರೆ ಯಾರೂ ಅಲ್ಲಿಗೆ ಬಿಡುವುದಿಲ್ಲ. 'ಏರ್ತಾ ಇದ್ಯೋ, ಇಳೀತಾ ಇದ್ಯೋ?' ಎಂದು ಕೇಳೇ ಕೇಳುತ್ತಾರೆ. ಜುಲೈ ತಿಂಗಳ 110 ಬೇರೆ, ಫೆಬ್ರವರಿಯ 110 ಬೇರೆ. ಬೆಂಗಳೂರಿನ ಕಂಪ್ಯೂಟರ್ ಕಂಪನಿ ಸೇರಿರುವ ನಿಮ್ಮ ಮಕ್ಕಳನ್ನು ಕೇಳಿ ನೋಡಿ. ಯಂತ್ರ ಕೆಟ್ಟು ನಿಲ್ಲುವವರೆಗೆ ಅವರೂ ಕಾಯುವುದಿಲ್ಲ, ಅದರ ಅಂಕಿಗಳು ದಿನೇ ದಿನೇ ಯಾವ ಕಡೆ ವಾಲುತ್ತಿವೆ ಎಂದು ನೋಡುತ್ತಿರುತ್ತಾರೆ. ಕಟ್ಟೆಯ ಮೇಲಿರುವ ಈ ಗಮನ ಕೊಟ್ಟಿಗೆಯ ಮೇಲೆ ಯಾಕಿಲ್ಲ ಎನ್ನುವುದೇ ನನ್ನ ತಕರಾರು.

ದಿನಕ್ಕೆ ಎರಡು ಸಲ ಡೈರಿಗೆ ಹಾಲು ಹಾಕುತ್ತೀರಿ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ರೂಪಾಯಿ ಎಲ್ಲ ಚೀಟಿಯಲ್ಲಿರುತ್ತದೆ. ರೂಪಾಯಿ ನೋಡಿ ಸೆರಗಿಗೆ ಗಂಟು ಹಾಕಿಕೊಂಡರೆ ಮುಗಿಯಿತು, ಬಟ್ಟೆ ಒಗೆಯುವಾಗ ಅದೂ ನೀರುಪಾಲು.

ಶೀಳನೆರೆ ಹೋಬಳಿಯ ಒಂದು ಊರಿನಿಂದ ಬೆಳಿಗ್ಗೆಯೇ ಕರೆ ಬಂತು. ಹೋಗಿ ನೋಡಿದರೆ ಸೀಮೆ ಹಸುವಿನ ಕೆಚ್ಚಲು ಕಲ್ಲಾಗಿದೆ, ಒಂದು ಮೊಲೆಯಲ್ಲಿ ಕೀವು. 'ನೆನ್ನೆ ರಾತ್ರಿಯಿಂದ ಡಾಕ್ಟ್ರೇ, ಯಾರೋ ಕಣ್ಣು ಹಾಕವ್ರೆ' ಎಂದರು ಆ ಅಕ್ಕ. ಅವರ ಸೊಸೆ ಚೀಟಿಗಳನ್ನೆಲ್ಲ ತಂತಿಗೆ ಚುಚ್ಚಿಟ್ಟಿದ್ದಳು. ಜಗಲಿ ಮೇಲೆ ಸಾಲಾಗಿ ಜೋಡಿಸಿದೆವು. ಬೆಳಗಿನ ಹಾಲು 7.2 ಲೀಟರ್ ಇದ್ದದ್ದು 7, 6.8, 6.5, 6.1 ಹೀಗೆ ಹನ್ನೆರಡು ದಿನಗಳಿಂದ ಇಳಿದಿದೆ. ಎಸ್‌ಎನ್‌ಎಫ್ 8.6ರಿಂದ 8.1ಕ್ಕೆ ಬಂದಿದೆ. ಯಾವ ಒಂದು ದಿನದ ಚೀಟಿಯಲ್ಲೂ ಗಾಬರಿಯಾಗುವಂಥದ್ದು ಇರಲಿಲ್ಲ.

ಆ ಹನ್ನೆರಡು ದಿನಗಳ ನಡುವೆ ಪಕ್ಕದ ಮನೆಯ ಎಮ್ಮೆ ನೋಡಲು ನಾನೇ ಆ ಬೀದಿಗೆ ಹೋಗಿದ್ದೆ. 'ಯಾಕೋ ಹಾಲು ವಸಿ ಕಮ್ಮಿ' ಎಂದು ಆಕೆ ಹೇಳಿದ್ದರು. 'ಬಿಸಿಲು ಜಾಸ್ತಿ, ನೀರು ಚೆನ್ನಾಗಿ ಕುಡಿಸಿ' ಎಂದು ಬೈಕ್ ಹತ್ತಿದ್ದೆ. ಚೀಟಿ ತೋರಿಸಿ ಎನ್ನಲಿಲ್ಲ. ಆವತ್ತೇ ಸಿ.ಎಂ.ಟಿ. ದ್ರಾವಣ ಬೆರೆಸಿ ನೋಡಿದ್ದರೆ ಹಾಲು ಲೋಳೆ ಕಟ್ಟುತ್ತಿತ್ತು, ಕಣ್ಣಿಗೆ ಕಾಣದ ಕೆಚ್ಚಲು ಬಾವು ಸಿಗುತ್ತಿತ್ತು. ಹಸು ಉಳಿಯಿತು, ಆದರೆ ಆ ಮೊಲೆ ಬತ್ತಿಹೋಯಿತು. ಮೂರೇ ಮೊಲೆಯ ಹಸುವಿಗೆ ಸಂತೆಯಲ್ಲಿ ಎಷ್ಟು ಸಿಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಎಲ್ಲ ಇಳಿಕೆಯೂ ಕಾಯಿಲೆಯಲ್ಲ. ಕರು ಹಾಕಿ ಆರರಿಂದ ಎಂಟು ವಾರದವರೆಗೆ ಹಾಲು ಏರುತ್ತದೆ, ಆಮೇಲೆ ತಿಂಗಳಿಗೆ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು ಇಳಿಯುವುದು ಸಹಜ. ಬೆದೆಗೆ ಬಂದ ದಿನ ಕಮ್ಮಿಯಾಗಿ ಮತ್ತೆ ಸರಿಹೋಗುತ್ತದೆ. ತಿಂಗಳಲ್ಲಿ ಇಳಿಯಬೇಕಾದ ಆ ಒಂದು ಪಾಲು ಮೂರು ನಾಲ್ಕು ದಿನದಲ್ಲೇ ಇಳಿದರೆ ಮಾತ್ರ ಕೆಚ್ಚಲಿಗೆ ಕೈ ಹಾಕಿ ನೋಡಿ, ಮೊದಲ ಧಾರೆಯನ್ನು ಕಪ್ಪು ಬಟ್ಟೆ ಮೇಲೆ ಹಿಂಡಿ ಗರಣೆ ಇದೆಯೇ ಗಮನಿಸಿ. ಕರು ಹಾಕಿದ ಹೊಸತರಲ್ಲಿ ಹಾಲು ಇಳಿದು ಫ್ಯಾಟ್ ಮಾತ್ರ ಏರಿದರೆ ಖುಷಿಪಡಬೇಡಿ. ಹಸು ಹಿಂಡಿ ಬಿಟ್ಟು ಒಣಹುಲ್ಲನ್ನಷ್ಟೇ ಮೆಲ್ಲುತ್ತಿದ್ದರೆ ಅದು ಮೈಕೊಬ್ಬು ಕರಗಿಸಿಕೊಂಡು ಹಾಲು ಕೊಡುತ್ತಿದೆ, ಕೀಟೋಸಿಸ್ ಇರಬಹುದು. ಮದುವೆ ಮನೆಯ ಅನ್ನ ತಿಂದು ಫ್ಯಾಟ್ ಧೊಪ್ಪನೆ ಬಿದ್ದರೆ ಹೊಟ್ಟೆ ಹುಳಿಯಾಗಿದೆ ಎಂದರ್ಥ.

ಬೆಳಗಿನ ಹಾಲನ್ನು ಬೆಳಗಿನದರ ಜೊತೆಗೇ ಹೋಲಿಸಿ. ಸಂಜೆ ಫ್ಯಾಟ್ ಸಾಮಾನ್ಯವಾಗಿ ಸ್ವಲ್ಪ ಹೆಚ್ಚೇ ಬರುತ್ತದೆ. ಪಕ್ಕದ ಮನೆಯ ಹಸುವಿನ ಜೊತೆ ಪೈಪೋಟಿ ಬೇಡ, ಆದರೆ ಚೀಟಿಯನ್ನು ಕೇಳಿ ನೋಡಿ. ಅವತ್ತು ಎಲ್ಲರದ್ದೂ ಇಳಿದಿದ್ದರೆ ಯಂತ್ರವನ್ನೋ ಬಿಸಿಲನ್ನೋ ಅನುಮಾನಿಸಬೇಕು. ನಿಮ್ಮದೊಂದೇ ಇಳಿದಿದ್ದರೆ ನನಗೆ ಫೋನ್ ಮಾಡಿ. ಎರಡು ಮೂರು ಹಸುವಿನ ಹಾಲು ಒಂದೇ ಕ್ಯಾನಿಗೆ ಬೀಳುವ ಮನೆಯಲ್ಲಿ ಚೀಟಿ ಪೂರ್ತಿ ಸತ್ಯ ಹೇಳುವುದಿಲ್ಲ. ಅಲ್ಲಿ ವಾರಕ್ಕೊಂದು ಸಲ ಒಂದೊಂದರ ಹಾಲನ್ನೂ ಬೇರೆಬೇರೆ ಅಳೆದು ಕ್ಯಾಲೆಂಡರ್ ಮೇಲೆ ಬರೆಯಿರಿ.

ಇಷ್ಟೆಲ್ಲ ಭಾರವನ್ನು ನಿಮ್ಮ ತಲೆಗೇ ಹೊರಿಸುವುದು ನ್ಯಾಯವಲ್ಲ. ಅಂಕಿಯೆಲ್ಲ ಸಂಘದ ಕಂಪ್ಯೂಟರ್‌ನಲ್ಲಿ ಇರುತ್ತದೆ. ಬಟವಾಡೆಗೆ ಕೂಡಿಸುವ ಹಾಗೆಯೇ ಹಿಂದಿನ ಹತ್ತು ದಿನದ ಸರಾಸರಿಯನ್ನೂ ಇವತ್ತಿನ ಲೀಟರ್ ಪಕ್ಕದಲ್ಲಿ ಅಚ್ಚು ಹಾಕಿಕೊಡಬಹುದು. ಮೊಬೈಲ್‌ಗೆ ಸಂದೇಶ ಬರುತ್ತಲ್ಲ ಎನ್ನುವವರಿದ್ದಾರೆ. ಹಾಲು ಕರೆಯುವವರು ನೀವು, ಫೋನ್ ಇರುವುದು ಮಗನ ಜೇಬಿನಲ್ಲಿ, ಮಗ ಕೆ.ಆರ್. ಪೇಟೆಯಲ್ಲಿ! ಸಂಘದ ವಾರ್ಷಿಕ ಸಭೆಯಲ್ಲಿ ಬೋನಸ್ ಬಗ್ಗೆ ಕೇಳುವಾಗ ಈ ಸರಾಸರಿಯನ್ನೂ ಕೇಳಿ, ನಂಬರನ್ನೂ ನಿಮ್ಮದಕ್ಕೆ ಬದಲಾಯಿಸಿಕೊಳ್ಳಿ.

ಅಲ್ಲಿಯವರೆಗೆ ಕೊಟ್ಟಿಗೆಯ ಕಂಬಕ್ಕೊಂದು ತಂತಿ ಕಟ್ಟಿ ಚೀಟಿ ಚುಚ್ಚಿಡಿ. ನಾನು ಬಂದಾಗ ಥರ್ಮಾಮೀಟರ್ ತೆಗೆಯುವ ಮುಂಚೆ ಅದನ್ನೇ ಕೇಳುತ್ತೇನೆ. ನಾನು ಮರೆತರೆ ನೀವೇ ಮುಂದೆ ಹಿಡಿಯಿರಿ.