ಕಾವಲು ಬೇಕು, ಕಡತದ ಯಂತ್ರದೊಳಗೆ ಬೇಡ

'ಸರ್ವರ್ ಡೌನ್, ನಾಳೆ ಬನ್ನಿ' ಎಂಬ ಮಾತು ಕೇಳದ ರೈತ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಸಿಗುವುದು ಕಷ್ಟ. ಡೌನ್ ಆದ ಸರ್ವರ್ ನಾಳೆಯೋ ನಾಡಿದ್ದೋ ಎದ್ದು ಕೂರುತ್ತದೆ. ಒಳಗಿನ ದತ್ತಾಂಶವೇ ಅಳಿಸಿಹೋದರೆ ಎಷ್ಟು ಸಲ ಬಂದರೂ ಅಷ್ಟೆ. ಅಂಥ ನಷ್ಟ ಎಂದಕೂಡಲೇ ಹ್ಯಾಕರು, ವೈರಸ್ಸು, ಸಿಡಿಲು ನೆನಪಾಗುತ್ತವೆ. ನೆಟ್‌ವರ್ಕ್ ನೆಟ್ಟಗಿದೆಯೇ ಎಂದು ನೋಡಿಕೊಳ್ಳಲು ಒಳ್ಳೆಯ ಉದ್ದೇಶದಿಂದಲೇ ಹಾಕಿದ ಮಾನಿಟರಿಂಗ್ ತಂತ್ರಾಂಶವೂ ಅದೇ ಕೆಲಸ ಮಾಡಬಲ್ಲದು ಎಂಬುದು ಮಾತ್ರ ಯಾರ ತಲೆಗೂ ಹೊಳೆಯುವುದಿಲ್ಲ. ಕಡತ ಇಟ್ಟ ಸರ್ವರಿನೊಳಗೆ ಈ ತಂತ್ರಾಂಶವನ್ನು ಕೂರಿಸಬಾರದು, ಬೇರೆ ಯಂತ್ರದಲ್ಲಿಟ್ಟು ಹೊರಗಿನಿಂದ ನೋಡಬೇಕು ಎಂಬುದು ನನ್ನ ವಾದ.

ನಷ್ಟವಾಗುವ ಬಗೆಯಲ್ಲಿ ನಿಗೂಢವೇನೂ ಇಲ್ಲ. ಇಂಥ ಕೆಲವು ತಂತ್ರಾಂಶಗಳು ಆಪರೇಟಿಂಗ್ ಸಿಸ್ಟಂ ಸಮೇತ ಒಂದೇ ಐಎಸ್‌ಒ ಕಡತವಾಗಿ ಬರುತ್ತವೆ. ಪೆನ್‌ಡ್ರೈವಿಗೆ ಹಾಕಿ, ಸರ್ವರನ್ನು ಅದರಿಂದಲೇ ಬೂಟ್ ಮಾಡಿ ಎಂಟರ್ ಒತ್ತುತ್ತ ಹೋದರೆ, ಅದು ಮೊದಲು ಡಿಸ್ಕನ್ನು ಹೊಸದಾಗಿ ಭಾಗ ಮಾಡಿ ಫಾರ್ಮ್ಯಾಟ್ ಮಾಡುತ್ತದೆ. 'ಇದರಲ್ಲಿರುವುದೆಲ್ಲ ಅಳಿಯುತ್ತದೆ' ಎಂಬ ಎಚ್ಚರಿಕೆಯ ಸಾಲು ಪರದೆಯ ಮೇಲೆ ಬರುವುದೂ ನಿಜ. 'ನೆಕ್ಸ್ಟ್' ಒತ್ತಿ ಒತ್ತಿ ರೂಢಿಯಾದ ಬೆರಳು ಅದನ್ನು ಓದುತ್ತ ಕೂರುವುದಿಲ್ಲ. ಹಾಗಲ್ಲದೆ ಸಾಮಾನ್ಯ ಪ್ರೋಗ್ರಾಮಿನಂತೆ ಬರುವವು ತಮ್ಮ ಡೇಟಾಬೇಸನ್ನೂ ಜೊತೆಗೇ ತರುತ್ತವೆ. ಅಲ್ಲಿ ಮೊದಲೇ ಓಡುತ್ತಿದ್ದ ಡೇಟಾಬೇಸಿನ ಆವೃತ್ತಿ ಬದಲಿಸುವುದೋ ಅದರ ಸೆಟ್ಟಿಂಗ್ ಕೆಡಿಸುವುದೋ ಆಗ ದೊಡ್ಡ ಮಾತಲ್ಲ. ಇದೆಲ್ಲ ದಾಟಿದರೂ ಲಾಗ್ ಉಳಿದೇ ಇದೆ. ಪ್ರತಿ ನಿಮಿಷದ ಲೆಕ್ಕ ಬರೆದಿಡುತ್ತ ಅದು ತಿಂಗಳುಗಟ್ಟಲೆ ಬೆಳೆಯುತ್ತದೆ. ಡಿಸ್ಕ್ ಪೂರ್ತಿ ತುಂಬಿದ ಗಳಿಗೆಗೆ ಡೇಟಾಬೇಸ್ ಹೊಸ ನಮೂದು ಬರೆಯಲಾರದೆ ನಿಲ್ಲುತ್ತದೆ. ಬ್ಯಾಕಪ್ಪೂ ಅದೇ ಡಿಸ್ಕಿಗೆ ಹೋಗುತ್ತಿದ್ದರೆ ಅರೆಬರೆ ಬರೆದ, ತೆರೆಯಲು ಬಾರದ ಕಡತವೊಂದು ಉಳಿಯುತ್ತದೆ. ಡಿಸ್ಕ್ ತುಂಬುತ್ತಿದೆ ಎಂದು ಎಚ್ಚರಿಸಬೇಕಾದದ್ದೇ ಡಿಸ್ಕ್ ತುಂಬಿಸುವ ಪರಿ ಇದು!

ಇದಕ್ಕೆಲ್ಲ ಮೂಲ, ಇಂಥ ತಂತ್ರಾಂಶಕ್ಕೆ ನಾವು ಕೊಡುವ ಅಡ್ಮಿನ್ ಅಧಿಕಾರ. ಅಮೆರಿಕದ ಸೋಲಾರ್‌ವಿಂಡ್ಸ್ ಕಂಪನಿಯ ಒರಾಯನ್ ನೆಟ್‌ವರ್ಕ್ ಮೇಲೆ ಕಣ್ಣಿಡುವ ತಂತ್ರಾಂಶವೇ. 2020ರಲ್ಲಿ ಅದರ ಅಪ್‌ಡೇಟಿನೊಳಗೆ ಕಳ್ಳ ಕೋಡ್ ನುಸುಳಿಸಿದವರು ಸುಮಾರು 18,000 ಗ್ರಾಹಕರವರೆಗೆ ಅದನ್ನು ತಲುಪಿಸಿದರು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಕೈಯಿಂದಲೇ ಚೆಕ್-ಇನ್ ನಡೆಯಿತು. ಅಂದು ಅಳಿದದ್ದಕ್ಕಿಂತ ನಿಂತದ್ದೇ ಹೆಚ್ಚು, ಒಪ್ಪೋಣ. ಆದರೆ ಒಳಗೆ ಬಿಟ್ಟುಕೊಂಡ ತಂತ್ರಾಂಶ ಎಡವಿದರೆ ಯಂತ್ರವೂ ಅದರ ಜೊತೆಗೇ ಬೀಳುತ್ತದೆ ಎಂಬುದನ್ನು ಎರಡೂ ಘಟನೆಗಳು ತೋರಿಸಿದವು.

ಇದು ದೂರದ ದೊಡ್ಡವರ ತಾಪತ್ರಯ ಎನ್ನುವಂತಿಲ್ಲ. ಭೂಮಿ ಯೋಜನೆ ಬಂದ ಮೇಲೆ ಕೈಬರಹದ ಪಹಣಿಗೆ ಬೆಲೆ ಉಳಿಯಲಿಲ್ಲ. ಈಗ ಭೂ ಸುರಕ್ಷಾ ಯೋಜನೆಯಡಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳೂ ಸ್ಕ್ಯಾನರಿಗೆ ಏರುತ್ತಿವೆ. ಎಣ್ಣೆಗಿರಣಿಯ ಲೆಕ್ಕ, ಶೇಂಗಾ ಮಂಡಿಯ ಬಾಕಿ, ರೇಷ್ಮೆ ಸೀರೆ ವ್ಯಾಪಾರಿಯ ಸ್ಟಾಕು, ಪತ್ತಿನ ಸಂಘದ ಸಾಲದ ಖಾತೆ ಎಲ್ಲವೂ ಹಾಗೆಯೇ ಕಾಗದ ಬಿಟ್ಟು ಡಿಸ್ಕ್ ಸೇರುತ್ತಿವೆ. ಆ ಡಿಸ್ಕ್ ಕೈಕೊಟ್ಟರೆ ಗತಿ ಬೇರೆಡೆ ಇಟ್ಟ ಪ್ರತಿಯೇ. ಪ್ರತಿಗಳ ವಿಷಯದಲ್ಲಿ ಮೊಳಕಾಲ್ಮುರು ತಾಲ್ಲೂಕಿಗೆ ಬೇರೆಯವರ ಪಾಠ ಬೇಕಿಲ್ಲ. ಅಶೋಕನ ಒಂದೇ ಶಾಸನವನ್ನು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಕಡೆ ಬಂಡೆಗೆ ಹಾಕಿಸಲಾಗಿತ್ತು. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚುವ ಹೊತ್ತಿಗೆ ಜಟಿಂಗ ರಾಮೇಶ್ವರದ ಅಕ್ಷರಗಳು ತೀರಾ ಸವೆದಿದ್ದವು. ಅಲ್ಲಿ ಏನಿತ್ತೆಂದು ಊಹಿಸಲಾಗಿರುವುದು ಉಳಿದೆರಡು ಬಂಡೆಗಳ ಬಲದಿಂದ. ಮೂರನ್ನೂ ಒಂದೇ ಬಂಡೆಯ ಮೇಲೆ ಕೊರೆದಿದ್ದರೆ ಮೂರೂ ಒಟ್ಟಿಗೇ ಸವೆಯುತ್ತಿದ್ದವು. ಒಂದೇ ಸರ್ವರಿನ ಡಿ ಡ್ರೈವಿಗೆ ಬ್ಯಾಕಪ್ ತೆಗೆದು ನೆಮ್ಮದಿಯಾಗಿರುವವರು ಮಾಡುತ್ತಿರುವುದು ಅದನ್ನೇ.

ಕಾವಲೇ ಇಲ್ಲದಿದ್ದರೆ ದಾಳಿ ತಿಳಿಯುವುದು ಹೇಗೆ ಎಂಬ ಆಕ್ಷೇಪಕ್ಕೆ ತೂಕವಿದೆ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶದ ಮೇಲೆ, ಸುಳ್ಳು ಕೋರಿಕೆಗಳ ಮಹಾಪೂರ ಹರಿಸುವ ಡಿಡಾಸ್ ದಾಳಿ ನಡೆದು ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ಜನ ಕಾದು ಕೂರಬೇಕಾಯಿತು. ಲಾಗ್‌ಗಳನ್ನು 180 ದಿನ ಇಟ್ಟಿರಬೇಕು ಎಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿದೆ. ಎರಡೂ ಸರಿ. ಆದರೆ ಪಹಣಿ, ಖಾತೆ ಇರುವ ಡಿಸ್ಕಿನಲ್ಲೇ ಆ ಲಾಗ್ ಇಡಿ ಎಂದು ಯಾವ ಆದೇಶವೂ ಹೇಳಿಲ್ಲ. ಸರ್ವರ್ ಉಸಿರಾಡುತ್ತಿದೆಯೇ, ಡಿಸ್ಕಿನಲ್ಲಿ ಎಷ್ಟು ಜಾಗವಿದೆ, ಜಾಲದಲ್ಲಿ ಎಷ್ಟು ದಟ್ಟಣೆಯಿದೆ ಎಂಬುದನ್ನು ಎಸ್‌ಎನ್‌ಎಂಪಿಯಂಥ ಮಾರ್ಗವನ್ನು ಓದಲಷ್ಟೇ ಅವಕಾಶವಿರುವಂತೆ ಹೊಂದಿಸಿ ಪಕ್ಕದ ಯಂತ್ರದಲ್ಲೇ ನೋಡಬಹುದು. ಒಳಗೇ ಒಂದು ಏಜೆಂಟ್ ಬೇಕೇಬೇಕೆಂದಾದರೆ ಅದಕ್ಕೆ ಅಡ್ಮಿನ್ ಅಧಿಕಾರ ಕೊಡದೆ, ಬ್ಯಾಕಪ್ ಕೈಯಲ್ಲಿಟ್ಟುಕೊಂಡೇ ಹಾಕಲಿ.

'ನಮ್ಮಲ್ಲಿ ರೇಡ್ ಇದೆ' ಎನ್ನುವವರೂ ಇದ್ದಾರೆ. ದತ್ತಾಂಶವನ್ನು ಒಂದಕ್ಕಿಂತ ಹೆಚ್ಚು ಡಿಸ್ಕಿನಲ್ಲಿಡುವ ರೇಡ್, ಒಂದು ಡಿಸ್ಕ್ ಸತ್ತರೆ ಕಾಯುತ್ತದೆ. ತಪ್ಪಾಗಿ ಅಳಿಸಿದರೆ ಅದೇ ತಪ್ಪನ್ನು ಇನ್ನೊಂದು ಡಿಸ್ಕಿನಲ್ಲೂ ತಕ್ಷಣ ಮಾಡುತ್ತದೆ. 'ಬ್ಯಾಕಪ್ ಆಗುತ್ತಿದೆ' ಎಂಬುದೂ ಪೂರ್ತಿ ಉತ್ತರವಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ಬೇರೆ ಸರ್ವರ್ ಎಂದುಕೊಂಡು ಅಸಲಿ ಸರ್ವರಿನ ಡೇಟಾಬೇಸನ್ನೇ ಅಳಿಸಿದರು. ಹುಡುಕಿದರೆ ನಿತ್ಯದ ಬ್ಯಾಕಪ್ ಸದ್ದಿಲ್ಲದೆ ವಿಫಲವಾಗುತ್ತಿತ್ತು. ಬೇರಾವುದೋ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿದ್ದ ಪ್ರತಿಯೊಂದು ಅದೃಷ್ಟಕ್ಕೆ ಸಿಕ್ಕಿತು. ಬ್ಯಾಕಪ್ಪನ್ನು ಬೇರೆ ಯಂತ್ರದಲ್ಲಿ ತೆರೆದು, ನಾಲ್ಕು ಖಾತೆ ತೆಗೆದು ನೋಡುವವರೆಗೆ ಅದು ಇದೆ ಎಂದು ನಂಬುವಂತಿಲ್ಲ.

ಇನ್ನು ಖರ್ಚಿನ ಮಾತು. ಸಣ್ಣ ಸಂಘಕ್ಕೆ ಎರಡನೇ ಸರ್ವರ್ ಹೊರೆ ಎಂಬುದು ದಿಟ. ಆದರೆ ನೋಡುವ ಕೆಲಸಕ್ಕೆ ಸರ್ವರೇ ಬೇಕಿಲ್ಲ. ಮೂಲೆಗೆ ಹಾಕಿದ ಹಳೆಯ ಕಂಪ್ಯೂಟರ್ ಸಾಕು, ಜ್ಯಾಬಿಕ್ಸ್, ನಾಗಿಯೋಸ್ ಕೋರ್‌ನಂಥ ತಂತ್ರಾಂಶಗಳು ಪುಕ್ಕಟೆಯಾಗಿಯೇ ಸಿಗುತ್ತವೆ. ಹಣ ಹಾಕುವುದಿದ್ದರೆ ವಾರಕ್ಕೊಮ್ಮೆ ಬಿಚ್ಚಿ ಬೇರೆ ಕಟ್ಟಡದಲ್ಲಿಡುವ ಎರಡು ಹಾರ್ಡ್‌ಡಿಸ್ಕಿಗೆ ಹಾಕಲಿ. ನಿರ್ವಹಣಾ ಗುತ್ತಿಗೆಯ ಪತ್ರದಲ್ಲೂ ಒಂದು ಸಾಲು ಸೇರಲಿ: ಬ್ಯಾಕಪ್ ತೆರೆದು ತೋರಿಸಿ ಕಾರ್ಯದರ್ಶಿಯ ಸಹಿ ಪಡೆಯದೆ ಸರ್ವರಿನಲ್ಲಿ ಯಾವ ಹೊಸ ತಂತ್ರಾಂಶವನ್ನೂ ಹಾಕತಕ್ಕದ್ದಲ್ಲ.