ಓಡದ ಎಂಜಿನ್ನಿಗೆ ಮಾರ್ಕ್ಸ್ ಯಾಕಿಲ್ಲ?

ಇಲ್ಲಿ ಬರೆಯದೆ ಎರಡು ತಿಂಗಳ ಮೇಲಾಯ್ತು. "ಏನ್ರೀ, ಬ್ಲಾಗಿಗೆ ಬೀಗ ಹಾಕಿದ್ರಾ?" ಅಂತ ಇಬ್ಬರು ಸ್ನೇಹಿತರು ಮೇಲ್ ಮಾಡಿ ಕೇಳಿದ್ದರು. ಬೀಗ ಹಾಕಿರಲಿಲ್ಲ. ಕೈಗೆಲ್ಲ ಎಣ್ಣೆ ಮೆತ್ತಿಕೊಂಡಿತ್ತು, ಕೀಬೋರ್ಡ್ ಮುಟ್ಟೋ ಸ್ಥಿತಿಯಲ್ಲಿರಲಿಲ್ಲ ಅಷ್ಟೆ. ಅಕ್ಕನ ಮಗನ ಜೊತೆ ಸೇರಿಕೊಂಡು ಒಂದು ಪುಟ್ಟ ಹಬೆ ಎಂಜಿನ್ ಮಾಡ್ತಾ ಇದ್ದೆ. ಎರಡಡಿ ಉದ್ದದ ಆಟದ ದೋಣಿಗೆ!

ಶುರುವಾಗಿದ್ದು ಹೀಗೆ. ಅವನು ಎಂಟನೇ ಕ್ಲಾಸು. ಸ್ಕೂಲಿನಲ್ಲಿ ವಿಜ್ಞಾನ ಪ್ರದರ್ಶನ. "ಮಾಮ, ಹಬೆಯಿಂದ ಓಡೋ ದೋಣಿ ಮಾಡೋಣ" ಅಂದ. ಅಕ್ಕ ಒಳಗಿನಿಂದಲೇ, "ಸ್ಕೂಲ್ ಪಕ್ಕದ ಅಂಗಡೀಲಿ ಎಲ್ಲಾ ರೆಡಿ ಸಿಗತ್ತೆ ಕಣೋ. ಜ್ವಾಲಾಮುಖಿ, ಸೌರವ್ಯೂಹ, ಸಿರಿಂಜಿನ ಜೆಸಿಬಿ... ಹೆಸರು ಬರೆದು ಕೊಡ್ತಾರೆ, ತಂದ್ರಾಯ್ತು" ಅಂದಳು. ನಿಜ ಹೇಳ್ತೀನಿ, ನನಗೂ ಅದೇ ಸುಲಭ ಅನ್ನಿಸಿತ್ತು. ಅಪ್ಪ ಪೇಪರ್ ಮಡಚಿ ಪಕ್ಕಕ್ಕಿಟ್ಟು ನನ್ನ ಮುಖ ನೋಡಿದರು. "ಎಂಜಿನಿಯರ್ ಇರೋ ಮನೆಗೆ ಎಂಜಿನ್ ಕೊಂಡು ತರ್ತೀರಾ?"

ಅಪ್ಪ ಮೂವತ್ತೈದು ವರ್ಷ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ನಾನು ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್ ಸೇರಿದ ಲಕ್ಷಾಂತರ ಜನರಲ್ಲಿ ಒಬ್ಬ. ಥರ್ಮೊಡೈನಮಿಕ್ಸ್‌ನಲ್ಲಿ ಒಳ್ಳೆ ಮಾರ್ಕ್ಸ್ ಬಂದಿತ್ತು. ರ‍್ಯಾಂಕಿನ್ ಸೈಕಲ್ಲಿನ ಚಿತ್ರ ಕಣ್ಣು ಮುಚ್ಚಿಕೊಂಡು ಬರೀತಿದ್ದೆ. ಆದರೆ ಅರ ಹಿಡಿದು ಒಂದು ಹಿತ್ತಾಳೆ ತುಂಡನ್ನು ಮಟ್ಟಸವಾಗಿ ಉಜ್ಜು ಅಂದರೆ ಮಧ್ಯ ಉಬ್ಬು, ಎರಡೂ ಕಡೆ ಇಳಿಜಾರು. ಇದು ಆ ವಾರವೇ ಮನೆಯವರಿಗೆಲ್ಲ ಗೊತ್ತಾಯ್ತು, ಬಿಡಿ.

ನಾವು ಆರಿಸಿಕೊಂಡದ್ದು ತೂಗಾಡುವ ಸಿಲಿಂಡರಿನ ಎಂಜಿನ್. ಹಬೆ ಎಂಜಿನ್ನುಗಳಲ್ಲೇ ಸರಳವಾದ ಜಾತಿ. ಇದರಲ್ಲಿ ಬೇರೆ ವಾಲ್ವ್ ಇಲ್ಲ. ಕ್ರ್ಯಾಂಕ್ ತಿರುಗಿದಂತೆ ಸಿಲಿಂಡರ್ ಒಂದು ಕೀಲಿನ ಮೇಲೆ ಆ ಕಡೆ ಈ ಕಡೆ ತೂಗುತ್ತೆ. ಸಿಲಿಂಡರಿನ ಮೈಯಲ್ಲಿ ಒಂದು ತೂತು, ಅದು ಒರಗಿ ನಿಂತ ಫಲಕದಲ್ಲಿ ಎರಡು ತೂತು. ಒಂದು ಕಡೆ ವಾಲಿದಾಗ ಹಬೆ ಒಳಗೆ, ಇನ್ನೊಂದು ಕಡೆ ವಾಲಿದಾಗ ಹೊರಗೆ. ಆಟಿಕೆ ಅಂತ ನಗಬೇಡಿ. 1858ರಲ್ಲಿ ನೀರಿಗಿಳಿದ, ಆ ಕಾಲದ ಅತಿ ದೊಡ್ಡ ಹಡಗು ಗ್ರೇಟ್ ಈಸ್ಟರ್ನ್‌ನ ಪಕ್ಕದ ಚಕ್ರಗಳನ್ನು ತಿರುಗಿಸುತ್ತಿದ್ದದ್ದೂ ತೂಗಾಡುವ ಸಿಲಿಂಡರುಗಳೇ. ನಾಲ್ಕು ಸಿಲಿಂಡರು, ಒಂದೊಂದರ ವ್ಯಾಸ 74 ಅಂಗುಲ! ನಮ್ಮದರ ವ್ಯಾಸ 10 ಮಿಲಿಮೀಟರ್, ಪಿಸ್ಟನ್ನಿನ ಓಡಾಟ 16 ಮಿಲಿಮೀಟರ್.

ಎಸ್.ಪಿ. ರೋಡಿನಲ್ಲಿ ತೂಕಕ್ಕೆ ಹಿತ್ತಾಳೆ ತಂದೆವು. ಪೀಣ್ಯದಲ್ಲಿ ಅಪ್ಪನ ಶಿಷ್ಯರೊಬ್ಬರ ಲೇತ್ ಶಾಪಿದೆ, ಭಾನುವಾರ ನಮಗೆ ಬಿಟ್ಟುಕೊಟ್ಟರು. ಅಪ್ಪನ ಕೈ ಈಗ ನಡುಗುತ್ತೆ. ಗೆರೆ ಎಳೆಯೋಕೆ, ತೂತು ಗುರುತು ಮಾಡೋಕೆ ಅವರಿಂದ ಆಗಲ್ಲ. ಆದರೆ ಕಣ್ಣಿಗೇನೂ ಆಗಿಲ್ಲ. "ಪುಟ್ಟ, ಇನ್ನೊಂದು ಕೂದಲೆಳೆಯಷ್ಟು ಎಡಕ್ಕೆ" ಅನ್ನೋರು, ಇವನು ಸರಿಸೋನು. ತಾತನ ಕಣ್ಣು, ಮೊಮ್ಮಗನ ಕೈ. ನಾನು ಟೀ ತರೋನು.

ಪ್ರದರ್ಶನದ ದಿನ ಎಂಜಿನ್ ಓಡಲಿಲ್ಲ.

ಸ್ಕೂಲಿನಲ್ಲಿ ಬೆಂಕಿ ಹಚ್ಚಬಾರದು ಅಂದಿದ್ದರು, ಅದು ಸರಿಯೇ. ಸೈಕಲ್ ಪಂಪಿನ ಗಾಳಿಯಲ್ಲಿ ಓಡಿಸಿ ತೋರಿಸೋಣ ಅಂತಿದ್ದೆವು. ಚಕ್ರ ಎರಡು ಸುತ್ತು ಸುತ್ತಿ ಬುಸ್ ಅಂತ ನಿಂತುಹೋಯಿತು. ತೀರ್ಪುಗಾರರು ಬಂದರು. "ವರ್ಕ್ ಆಗ್ತಿಲ್ವಲ್ಲ?" ಅಂದರು. ಇವನು "ಸಾರ್, ಅದು ಯಾಕೆ ಅಂದ್ರೆ..." ಅನ್ನೋಷ್ಟರಲ್ಲಿ ಪಕ್ಕದ ಟೇಬಲ್ಲಿಗೆ ಹೋಗಿಯಾಗಿತ್ತು. ಮೊದಲ ಬಹುಮಾನ ಅಂಗಡಿಯ ಜೆಸಿಬಿಗೆ ಬಂತು. ಅದನ್ನು ತಂದ ಮಗುವಿನ ತಪ್ಪು ಅಂತ ನಾನು ಹೇಳ್ತಿಲ್ಲ. ನಮ್ಮ ಮನೆಯಲ್ಲೂ ಅದನ್ನೇ ತರೋರಿದ್ದೆವಲ್ಲ!

ನನಗೆ ಹೊಟ್ಟೆ ಉರಿದದ್ದು ಬಹುಮಾನಕ್ಕಲ್ಲ. ಎಂಜಿನ್ ಯಾಕೆ ನಿಂತಿತು ಅಂತ ಅವನಿಗೆ ಗೊತ್ತಿತ್ತು. ಸಿಲಿಂಡರಿನ ತೂತನ್ನು ನಾವು ಸ್ವಲ್ಪ ದೊಡ್ಡದು ಕೊರೆದಿದ್ದೆವು. ಫಲಕದ ಎರಡು ತೂತುಗಳ ನಡುವೆ ಎಷ್ಟು ಜಾಗವಿತ್ತೋ ಅದಕ್ಕಿಂತ ಇದು ಅಗಲ. ಹಾಗಾಗಿ ಮಧ್ಯಕ್ಕೆ ಬಂದಾಗ ಒಂದು ಕ್ಷಣ ಎರಡೂ ಬಾಗಿಲು ಒಟ್ಟಿಗೇ ತೆರೆದು, ಮುಂಬಾಗಿಲಲ್ಲಿ ಬಂದ ಗಾಳಿ ಪಿಸ್ಟನ್ ತಳ್ಳದೆ ಹಿತ್ತಿಲ ಬಾಗಿಲಲ್ಲಿ ಹೊರಟುಹೋಗುತ್ತಿತ್ತು. ಹಿಂದಿನ ರಾತ್ರಿ ಹನ್ನೊಂದಕ್ಕೆ ಇದನ್ನು ಕಂಡುಹಿಡಿದದ್ದು ನಾನಲ್ಲ, ಅಪ್ಪನೂ ಅಲ್ಲ, ಅವನೇ. ಸರಿಮಾಡೋಕೆ ಟೈಮ್ ಇರಲಿಲ್ಲ. ಆ ಇಡೀ ಹಾಲಿನಲ್ಲಿ ತನ್ನ ಮಾದರಿಯ ಒಳಗೆ ಏನಾಗ್ತಿದೆ ಅಂತ ಇಷ್ಟು ಸ್ಪಷ್ಟವಾಗಿ ಹೇಳಬಲ್ಲ ಹುಡುಗರು ಎಷ್ಟು ಜನ ಇದ್ದರೋ. ಕೇಳೋರೇ ಇರಲಿಲ್ಲ.

ಆ ದಿನ ಮನೆಗೆ ಬಂದು ಅವನು ಊಟ ಮಾಡಲಿಲ್ಲ. ನಾನು ಅವನಿಗೆ ಜೇಮ್ಸ್ ವಾಟ್ ಕಥೆ ಹೇಳಿದೆ. ಕೆಟಲ್ಲಿನ ಮುಚ್ಚಳ ಕುಣಿದ ಕಥೆಯಲ್ಲ. ನಿಜವಾಗಿ ನಡೆದದ್ದು.

1763ರ ಚಳಿಗಾಲ. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಪಾಠಕ್ಕೆಂದು ನ್ಯೂಕಮೆನ್ ಎಂಜಿನ್ನಿನ ಒಂದು ಮಾದರಿ ಇತ್ತು. ಸಿಲಿಂಡರ್ ಬರೀ ಎರಡು ಅಂಗುಲ ಅಗಲ, ಪಿಸ್ಟನ್ನಿನ ಓಡಾಟ ಆರು ಅಂಗುಲ. ಸರಿಯಾಗಿ ಓಡುತ್ತಿರಲಿಲ್ಲ. ರಿಪೇರಿಗೆ ಲಂಡನ್ನಿನ ಸಿಸ್ಸನ್ ಎಂಬ ಉಪಕರಣ ತಯಾರಕನ ಹತ್ತಿರ ಕಳಿಸಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ ಅದು ವಾಟ್ ಕೈಗೆ ಬಂತು, ಆಗ ಅವನಿಗೆ 27 ವರ್ಷ. ಸರಿಮಾಡಿದ. ನಾಲ್ಕಾರು ಸಲ ಹೊಡೆದುಕೊಂಡು ನಿಂತುಬಿಡುತ್ತಿತ್ತು, ಬಾಯ್ಲರಿನ ಹಬೆಯೇ ಸಾಲುತ್ತಿರಲಿಲ್ಲ. ಮೈಮೇಲೆ ಬಿಳೀ ಹಬೆ ಎಲ್ಲೂ ಸೋರುತ್ತಿಲ್ಲ, ಹಾಗಿದ್ದರೆ ಹೋಗ್ತಿರೋದೆಲ್ಲಿಗೆ? ಅಳೆದು ನೋಡಿದ. ಸಿಲಿಂಡರ್ ತುಂಬಲು ಎಷ್ಟು ಹಬೆ ಬೇಕೋ ಅದರ ಹಲವು ಪಟ್ಟು ಪ್ರತಿ ಹೊಡೆತಕ್ಕೂ ಖರ್ಚಾಗುತ್ತಿತ್ತು.

ನ್ಯೂಕಮೆನ್ ಎಂಜಿನ್ನಿನಲ್ಲಿ ಸಿಲಿಂಡರಿನ ಒಳಗೇ ತಣ್ಣೀರು ಚಿಮ್ಮಿಸಿ ಹಬೆಯನ್ನು ನೀರು ಮಾಡುತ್ತಿದ್ದರು. ಅಂದರೆ ಸಿಲಿಂಡರ್ ಪ್ರತಿ ಸಲ ತಣ್ಣಗಾಗಿ ಮತ್ತೆ ಕಾಯಬೇಕು. ಬಂದ ಹಬೆ ಮೊದಲು ಲೋಹವನ್ನು ಬಿಸಿ ಮಾಡೋದರಲ್ಲೇ ಮುಗಿದುಹೋಗುತ್ತೆ. ಗಣಿಗಳ ಬಾಯಲ್ಲಿದ್ದ ದೊಡ್ಡ ಎಂಜಿನ್ನುಗಳಲ್ಲೂ ಈ ರೋಗ ಇತ್ತು, ಆದರೆ ಅವು ಹೇಗೋ ಓಡುತ್ತಿದ್ದವು. 1712ರಿಂದ ಐವತ್ತು ವರ್ಷ ಕಲ್ಲಿದ್ದಲು ತಿಂದುಕೊಂಡು ಓಡಿದವು. ಚಿಕ್ಕದರಲ್ಲಿ ರೋಗ ಮುಚ್ಚಿಡಲಾಗಲಿಲ್ಲ. ಒಂದು ವಸ್ತುವಿನ ಎಲ್ಲಾ ಅಳತೆ ಅರ್ಧ ಮಾಡಿ ನೋಡಿ. ಹೊರಮೈ ಕಾಲು ಭಾಗವಾಗುತ್ತೆ, ಒಳಗಿನ ಜಾಗ ಎಂಟನೇ ಒಂದು ಭಾಗವಾಗುತ್ತೆ. ಹಿಡಿಯೋ ಹಬೆ ಕಮ್ಮಿ, ಅದನ್ನು ತಣ್ಣಗೆ ಮಾಡೋ ಗೋಡೆ ಜಾಸ್ತಿ. 1765ರಲ್ಲಿ ವಾಟ್‌ಗೆ ಉಪಾಯ ಹೊಳೆಯಿತು. ಹಬೆಯನ್ನು ಬೇರೊಂದು ಪಾತ್ರೆಯಲ್ಲಿ ತಣ್ಣಗೆ ಮಾಡೋಣ, ಸಿಲಿಂಡರ್ ಸದಾ ಬಿಸಿಯಾಗೇ ಇರಲಿ. 1769ರಲ್ಲಿ ಪೇಟೆಂಟ್. ಮುಂದಿನದು ನಮ್ಮ ಪಠ್ಯಪುಸ್ತಕದಲ್ಲಿದೆ.

ಆ ಮಾದರಿ ಚೆನ್ನಾಗಿ ಓಡಿಬಿಟ್ಟಿದ್ದರೆ ವಾಟ್ ಎಣ್ಣೆ ಒರೆಸಿ ವಾಪಸ್ ಕೊಡುತ್ತಿದ್ದ. ಓಡಲಿಲ್ಲ, ಅದಕ್ಕೇ ಅಳೆಯೋಕೆ ಕೂತ. ನಮ್ಮ ಪ್ರದರ್ಶನಕ್ಕೇನಾದರೂ ಬಂದಿದ್ದರೆ "ವರ್ಕ್ ಆಗ್ತಿಲ್ವಲ್ಲ, ನೆಕ್ಸ್ಟ್" ಅಂತಿದ್ದರು :)

ಆಮೇಲೆ ನಾವು ಹಳೇ ತೂತಿಗೆ ಹಿತ್ತಾಳೆ ಕಡ್ಡಿ ತುಂಬಿ ಬೆಸೆದು, ಚಿಕ್ಕದಾಗಿ ಹೊಸದು ಕೊರೆದೆವು. ಗಾಜಿನ ಮೇಲೆ ಎಮರಿ ಪೇಪರ್ ಹರಡಿ ಎರಡೂ ಮುಖ ಉಜ್ಜಿದೆವು. ಗಾಳಿಯಲ್ಲಿ ಓಡಿತು. ಹಬೆಯಲ್ಲಿ ಮೊದಲು ಓಡಲಿಲ್ಲ, ತಣ್ಣನೆಯ ಸಿಲಿಂಡರಿನಲ್ಲಿ ಹಬೆ ನೀರಾಗಿ ಪಿಸ್ಟನ್ ಕಚ್ಚಿಕೊಳ್ಳುತ್ತಿತ್ತು. ಕೈಯಲ್ಲಿ ಚಕ್ರ ತಿರುಗಿಸಿ ನೀರೆಲ್ಲ ಉಗುಳಿಸಿ, ಸಿಲಿಂಡರ್ ಕಾದ ಮೇಲೆ ಹೊರಟಿತು ನೋಡಿ... ಆ ಟಿಕಿಟಿಕಿ ಸದ್ದು! ಅಕ್ಕ ಒಗ್ಗರಣೆ ಬಿಟ್ಟು ಓಡಿ ಬಂದಳು.

ದೋಣಿಗೆ ಇಳಿಸುವ ಮೊದಲು ದೊಡ್ಡ ಟಬ್ಬಿನಲ್ಲಿ ಅಳೆದೆವು. ಮೊಬೈಲಿನ ಸ್ಲೋ ಮೋಷನ್ ವಿಡಿಯೊದಲ್ಲಿ ಎಣಿಸಿದರೆ ನಿಮಿಷಕ್ಕೆ ಸುಮಾರು 600 ಸುತ್ತು. ಎರಡು ಬಾರ್ ಒತ್ತಡ ಅಂತಿಟ್ಟುಕೊಂಡು ಲೆಕ್ಕ ಹಾಕಿದರೆ ಸಿಲಿಂಡರ್ ತುಂಬೋಕೆ ನಿಮಿಷಕ್ಕೆ ಒಂದೂಕಾಲು ಗ್ರಾಂ ನೀರು ಸಾಕು. ಆದರೆ 12 ನಿಮಿಷದಲ್ಲಿ ಬಾಯ್ಲರಿನಲ್ಲಿ ಕಮ್ಮಿಯಾಗಿದ್ದು 60 ಮಿಲಿಲೀಟರ್, ಅಂದರೆ ನಿಮಿಷಕ್ಕೆ ಐದು ಗ್ರಾಂ. ಮುಕ್ಕಾಲು ಪಾಲು ಎಲ್ಲಿ ಹೋಯ್ತು? ಅವನು ನೋಟ್ ಬುಕ್ಕಿನಿಂದ ತಲೆ ಎತ್ತಿ, "ಮಾಮ, ವಾಟ್‌ಗೂ ಇದೇ ಆಗಿದ್ದಲ್ವಾ?" ಅಂದ. ನಾನು ನಾಲ್ಕು ವರ್ಷ ಕಾಲೇಜಿನಲ್ಲಿ ಕೂತರೂ ನನ್ನ ಬಾಯಿಂದ ಬರದ ಪ್ರಶ್ನೆ ಅದು. ಸಿಲಿಂಡರಿಗೂ ಹಬೆ ಕೊಳವೆಗೂ ಹತ್ತಿ ದಾರ ಸುತ್ತಿದ. ಅದೇ ಉರಿಯಲ್ಲಿ 600 ಇದ್ದದ್ದು 680 ಆಯಿತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ಓದಿದವರು ಯಾರಾದರೂ ಪೇಂಟ್ ಡಬ್ಬಿ ಒಲೆ ಮೇಲಿಟ್ಟುಬಿಟ್ಟಾರು. ಎಂಜಿನ್ ತಪ್ಪಾದರೆ ನಿಲ್ಲುತ್ತೆ, ಬಾಯ್ಲರ್ ತಪ್ಪಾದರೆ ಸಿಡಿಯುತ್ತೆ. ಮನೆಯ ಕುಕ್ಕರಿನ ಒತ್ತಡ ಸುಮಾರು ಒಂದು ಬಾರ್, ನಮ್ಮದು ಅದರ ಎರಡು ಪಟ್ಟು. ಐದು ಸೆಂಟಿಮೀಟರ್ ಅಗಲದ ತಾಮ್ರದ ಕೊಳವೆಯ ಒಂದೊಂದು ತುದಿಯ ಬಿಲ್ಲೆಯನ್ನೂ ಸುಮಾರು 40 ಕೆ.ಜಿ. ಭಾರದಷ್ಟು ಬಲ ಹೊರಗೆ ನೂಕುತ್ತಿರುತ್ತೆ. ರೇಡಿಯೊ ರಿಪೇರಿಯ ಸೀಸ-ತವರದ ಬೆಸುಗೆ 183 ಡಿಗ್ರಿಗೇ ಕರಗುತ್ತೆ, ನೀರು ಮುಗಿದರೆ ಆ ಬಿಸಿ ಬರೋಕೆ ಹೆಚ್ಚು ಹೊತ್ತು ಬೇಡ. ಅದಕ್ಕೇ ಬೆಳ್ಳಿ ಬೆಸುಗೆಯನ್ನು ಗೊತ್ತಿದ್ದವರಿಂದಲೇ ಹಾಕಿಸಿದೆವು, ಸೇಫ್ಟಿ ವಾಲ್ವ್ ಇಟ್ಟೆವು, ಬೆಂಕಿ ತೋರಿಸುವ ಮೊದಲು ಒಳಗೆ ಪೂರ್ತಿ ತಣ್ಣೀರು ತುಂಬಿ ಕೈಪಂಪಿನಲ್ಲಿ ನಾಲ್ಕು ಬಾರ್‌ವರೆಗೆ ಒತ್ತಿ ನೋಡಿದೆವು. ನೀರು ಗಾಳಿಯಂತೆ ಕುಗ್ಗಲ್ಲ, ಹಾಗಾಗಿ ಆಗ ಬಿರುಕು ಬಿಟ್ಟರೂ ಬರೀ ಸೋರುತ್ತೆ. 1923ರ ಬಾಯ್ಲರ್ ಕಾಯಿದೆ 2007ರ ತಿದ್ದುಪಡಿಯಾದ ಮೇಲೆ 25 ಲೀಟರಿಗಿಂತ ಚಿಕ್ಕದನ್ನು ಕೈಬಿಟ್ಟಿತ್ತು. 2025ರಲ್ಲಿ ಬಂದ ಹೊಸ ಕಾಯಿದೆಯೂ ಹಾಗೇ. ನಮ್ಮದು 100 ಮಿಲಿಲೀಟರ್ ನೀರಿನದು. ಇನ್‌ಸ್ಪೆಕ್ಟರ್ ಬರಲ್ಲ, ಅಪ್ಪನೇ ಇನ್‌ಸ್ಪೆಕ್ಟರ್.

"ಎಲ್ಲರ ಮನೇಲೂ ಟರ್ನರ್ ತಾತ ಇರಲ್ಲ ಸ್ವಾಮಿ" ಅಂತ ನೀವು ಕೇಳಬಹುದು. ಒಪ್ಪಿದೆ. ಹಿತ್ತಾಳೆ, ಲೇತು, ತಾಮ್ರದ ಬಾಯ್ಲರ್ ಎಲ್ಲರಿಗೂ ಎಟುಕೋದಲ್ಲ. ಆದರೆ ಜಾತ್ರೆಯಲ್ಲಿ ಮಾರುವ, ಟರ್ ಟರ್ ಅಂತ ಸದ್ದು ಮಾಡುವ ತಗಡಿನ ದೋಣಿ ಗೊತ್ತಲ್ಲ? ಅದೂ ಹಬೆ ದೋಣಿಯೇ. 1891ರಲ್ಲೇ ತೋಮಾ ಪಿಯೊ ಎಂಬಾತ ಅದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದ. ಒಳಗಿನ ಪುಟ್ಟ ತಗಡಿನ ಡಬ್ಬಿಯಲ್ಲಿ ನೀರು ಕಾದು ಹಬೆಯಾಗಿ ಕೊಳವೆಯ ನೀರನ್ನು ಹಿಂದಕ್ಕೆ ತಳ್ಳುತ್ತೆ, ಹಬೆ ತಣ್ಣಗಾದಾಗ ನೀರು ಮತ್ತೆ ಒಳಗೆ ಬರುತ್ತೆ. ಕೊಳವೆಯ ಬಾಯಿ ತೆರೆದೇ ಇರೋದರಿಂದ ಒತ್ತಡ ಕಟ್ಟಿಕೊಳ್ಳಲ್ಲ. ಹೊರಗೆ ಹೋದಷ್ಟೇ ನೀರು ಒಳಗೆ ಬರೋದಾದರೆ ದೋಣಿ ಮುಂದಕ್ಕೆ ಯಾಕೆ ಹೋಗುತ್ತೆ? ಮೊಂಬತ್ತಿ ಹಚ್ಚಿ ಅರ್ಧ ಅಡಿ ದೂರದಿಂದ ಊದಿ ಆರಿಸಿ. ಆಮೇಲೆ ಅಷ್ಟೇ ದೂರದಿಂದ ಉಸಿರು ಒಳಗೆಳೆದು ಆರಿಸೋಕೆ ನೋಡಿ. ಉತ್ತರ ಅಲ್ಲಿದೆ. ಮಕ್ಕಳಿಗೆ ಇಷ್ಟು ಸಾಕು.

ನನ್ನ ಬೇಡಿಕೆಯೂ ದೊಡ್ಡದೇನಲ್ಲ. ಪ್ರದರ್ಶನದಲ್ಲಿ ಪ್ರತಿ ಮಾದರಿಯ ಪಕ್ಕ ಒಂದು ಹಾಳೆ ಇರಲಿ. ಏನು ಮಾಡಹೋದೆವು, ಎಲ್ಲಿ ಕೆಟ್ಟಿತು, ಯಾಕೆ ಅಂತ ನಮಗನ್ನಿಸುತ್ತೆ, ಯಾರ್ಯಾರು ಸಹಾಯ ಮಾಡಿದರು. ಅರ್ಧ ಮಾರ್ಕ್ಸ್ ಆ ಹಾಳೆಗೆ. ಅಂಗಡಿಯಲ್ಲಿ ತಂದದ್ದಕ್ಕೆ ಆ ಹಾಳೆ ತುಂಬೋದು ಕಷ್ಟ. ಎಂಟನೇ ಕ್ಲಾಸಿನಲ್ಲಿ ಅಂಗಡಿ ಜ್ವಾಲಾಮುಖಿ ತಂದವನೇ ಮುಂದೆ ಎಂಜಿನಿಯರಿಂಗ್ ಕೊನೇ ವರ್ಷದ ಪ್ರಾಜೆಕ್ಟನ್ನೂ ದುಡ್ಡು ಕೊಟ್ಟು ತರೋದು. ನನ್ನ ಕ್ಲಾಸಿನಲ್ಲೇ ನೋಡಿದ್ದೀನಿ. ಇನ್ನು ಮೆಕ್ಯಾನಿಕಲ್ ಓದೋರಿಗೆ ಮೊದಲ ವರ್ಷವೇ ನಾಲ್ಕು ಜನಕ್ಕೆ ಒಂದು ತೂಗಾಡುವ ಎಂಜಿನ್ ಮಾಡೋಕೆ ಹೇಳಲಿ. ಗಾಳಿಯಲ್ಲಿ ಓಡಿಸಿದರೆ ಸಾಕು, ಬಾಯ್ಲರ್ ಬೇಡ. ಕಾಲೇಜುಗಳಲ್ಲಿ ಲೇತ್ ಇದ್ದೇ ಇದೆ.

ಹೋದ ಭಾನುವಾರ ಊರ ಕೆರೆಯಲ್ಲಿ ದೋಣಿ ಬಿಟ್ಟೆವು. ಬಾಯ್ಲರ್ ಎತ್ತರವಾಗಿ ಕೂರಿಸಿದ್ದರಿಂದ ಮೊದಲು ಪಕ್ಕಕ್ಕೆ ವಾಲಿತು, ಕೆಳಗಿಳಿಸಿ ಕೂರಿಸಿದ ಮೇಲೆ ನೆಟ್ಟಗೆ ಹೋಯಿತು. ಅಪ್ಪ ದಡದ ಕಲ್ಲಿನ ಮೇಲೆ ಕೂತು ನೋಡ್ತಿದ್ದರು, ಏನೂ ಮಾತಾಡಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ, "ಮುಂದಿನ ಸಲ ಎರಡು ಸಿಲಿಂಡರ್ ಹಾಕೋಣ" ಅಂದರು.

ನಿಮ್ಮ ಮಕ್ಕಳ ಸ್ಕೂಲಿನಲ್ಲಿ ಹೇಗಿದೆ? ಓಡದೆ ಹೋದ ನಿಮ್ಮದೂ ಏನಾದರೂ ಇದ್ದರೆ ಬರೆಯಿರಿ. ಓಡಿದ್ದರ ಫೋಟೊ ಎಲ್ಲರೂ ಹಾಕ್ತಾರೆ.