ಕತ್ತಲೆಗೂ ಲೆಕ್ಕವಿರಲಿ

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಗ್ಗಗಳ ಸಪ್ಪಳವು ಒಮ್ಮೆಲೆ ನಿಂತಿತೆಂದರೆ, ಕರೆಂಟು ಹೋಯಿತೆಂಬದನ್ನು ಯಾರೂ ಯಾರಿಗೂ ಹೇಳಬೇಕಾಗುವದಿಲ್ಲ. ಆ ಮೌನದ ಬೆಲೆಯನ್ನು ತೆರುವವನು ನೇಕಾರನು. ಅವನಿಗೆ ಕೂಲಿ ದೊರೆಯುವದು ನೇಯ್ದ ಸೀರೆಯ ಲೆಕ್ಕದಿಂದಲೇ ಹೊರತು ಮಗ್ಗದ ಮುಂದೆ ಕೈಕಟ್ಟಿ ಕುಳಿತ ತಾಸುಗಳ ಲೆಕ್ಕದಿಂದಲ್ಲ. ನಡುವೆ ನಿಂತ ಮಗ್ಗವು ಪುನಃ ಓಡತೊಡಗಿದಾಗ ಬಟ್ಟೆಯಲ್ಲಿ ಗೆರೆ ಬಿದ್ದಿತೆಂದರೆ ಆ ದೋಷವೂ ಅವನ ತಲೆಯ ಮೇಲೆಯೇ.

ಜಮಖಂಡಿ-ಮುಧೋಳಗಳ ಕಬ್ಬಿನ ರೈತನ ಸಂಗತಿಯು ಇದಕ್ಕಿಂತ ಸುಖಕರವಾಗಿಲ್ಲ. 1989ರಲ್ಲಿ ಈ ಭಾಗದ ರೈತರು ಸರಕಾರದ ದಾರಿ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಸ್ವಂತದ ಹಣ ಕೂಡಿಸಿ, ಮೈಮುರಿದು ದುಡಿದು, ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರವೆಂಬ ಹೆಸರು ಅದಕ್ಕೆ ಸುಮ್ಮನೆ ಬಂದುದಲ್ಲ. ಆದರೆ ನದಿಯು ಕೆಳಗೆ, ಹೊಲವು ಮೇಲೆ. ಬೆವರು ಸುರಿಸಿ ನಿಲ್ಲಿಸಿದ ನೀರನ್ನು ಮೇಲಕ್ಕೆತ್ತಲು ವಿದ್ಯುತ್ತೇ ಬೇಕು. ಪಂಪುಸೆಟ್ಟುಗಳಿಗೆ ದಿನಕ್ಕೆ ಏಳು ತಾಸು ಮೂರು ಫೇಸಿನ ಪೂರೈಕೆಯೆಂಬದು ಸರಕಾರದ ಮಾತು. 2023ರ ಬರಗಾಲದಲ್ಲಿ ಅದು ಕೆಲಕಾಲ ಐದು ತಾಸಿಗೆ ಇಳಿಯಿತು. ಆ ತಾಸುಗಳಲ್ಲಿ ಒಂದು ಪಾಲು ನಡುರಾತ್ರಿಗೆ ಬಂದರೆ ರೈತನು ಹಾವು-ಚೇಳುಗಳ ನಡುವೆ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗುವನು. ಹೋದ ಮೇಲೆಯೂ ಕರೆಂಟು ಬಾರದಿದ್ದರೆ? ಅದನ್ನು ಅವನಿಗೆ ಮುಂಚಿತವಾಗಿ ತಿಳಿಸುವವರು ಯಾರು?

ಈ ಸೀಮೆಗೆ ವಿದ್ಯುತ್ತನ್ನು ಹಂಚುವ ಹೊಣೆಯು 2002ರಿಂದ ಹುಬ್ಬಳ್ಳಿಯ ಹೆಸ್ಕಾಂ ಕಂಪನಿಯದು. ಏಳು ಜಿಲ್ಲೆಗಳ ಭಾರ ಅದರ ಮೇಲಿದೆಯೆಂಬದನ್ನು ನಾವು ಮರೆತಿಲ್ಲ. ಗಾಳಿ-ಮಳೆಗೆ ತಂತಿ ಹರಿಯುವದು ದೈವಿಕ; 2019ರ ಆಗಸ್ಟಿನ ಮಹಾಪೂರದಂಥ ಸಮಯದಲ್ಲಿ ಜೀವ ಉಳಿಸಲು ಸರಬರಾಜನ್ನು ಬುದ್ಧಿಪೂರ್ವಕವಾಗಿಯೇ ನಿಲ್ಲಿಸಬೇಕಾಗುವದು. ಅದನ್ನು ಯಾರೂ ಆಕ್ಷೇಪಿಸಲಾರರು. ನಾವು ಕೇಳುವದು ಲೆಕ್ಕವನ್ನು. ಯಾವ ಫೀಡರಿನಲ್ಲಿ, ಯಾವ ದಿನ, ಎಷ್ಟು ಹೊತ್ತು, ಯಾವ ಕಾರಣದಿಂದ ಪೂರೈಕೆಯು ನಿಂತಿತೆಂಬ ಲೆಕ್ಕವನ್ನು.

ಗ್ರಾಹಕನಿಗೆ ಸರಾಸರಿ ಎಷ್ಟು ಹೊತ್ತು, ಎಷ್ಟು ಸಲ ವಿದ್ಯುತ್ತು ತಪ್ಪಿತೆಂದು ತೋರಿಸುವ ಅಂಕಿಗಳು ಇವೆಯೆಂದು ಅಧಿಕಾರಿವರ್ಗವು ಹೇಳಬಹುದು. ಇವೆ ನಿಜ, ಆದರೆ ಸರಾಸರಿಯೆಂಬದು ಬಹಳ ಸಭ್ಯವಾದ ಪರದೆ. ಸಾವಿರ ಮನೆಗಳಲ್ಲಿ ಒಂಬತ್ತುನೂರಕ್ಕೆ ಒಂದು ನಿಮಿಷವೂ ಕರೆಂಟು ತಪ್ಪದೆ, ಉಳಿದ ನೂರಕ್ಕೆ 30 ತಾಸು ತಪ್ಪಿದರೆ, ಸರಾಸರಿಯು ಬರಿ ಮೂರು ತಾಸು! ಆ ನೂರು ಮನೆಗಳು ಸಾಮಾನ್ಯವಾಗಿ ಎಲ್ಲಿರುವವು? ಉದ್ದವಾದ 11 ಸಾವಿರ ವೋಲ್ಟಿನ ತಂತಿಯ ಕಟ್ಟಕಡೆಯಲ್ಲಿ, ಹೊಲಗಳ ನಡುವಿನ ತೋಟದ ವಸ್ತಿಗಳಲ್ಲಿ.

ರೋಗದ ಮೂಲವು ತಿಳಿಯದ ರಹಸ್ಯವೇನಲ್ಲ. ಒಂದೇ ಫೀಡರಿಗೆ ಹೊರಲಾರದಷ್ಟು ಭಾರ, ಹಳೆಯದಾದ ತಂತಿ, ತಂತಿಗೆ ತಾಗುವ ಟೊಂಗೆ, ಬಿರುಕುಬಿಟ್ಟ ಪಿಂಗಾಣಿ. ಉಪಾಯಗಳೂ ಪರಿಚಿತವಾದವುಗಳೇ. 2010ರ ಸುಮಾರಿಗೆ ಆರಂಭವಾದ ನಿರಂತರ ಜ್ಯೋತಿ ಯೋಜನೆಯು ಮನೆಗಳ ತಂತಿಯನ್ನು ಪಂಪುಸೆಟ್ಟುಗಳ ತಂತಿಯಿಂದ ಬೇರ್ಪಡಿಸುವ ಉತ್ತಮ ಹೆಜ್ಜೆಯಾಗಿದ್ದಿತು. ಕಂದೀಲಿನ ಬೆಳಕಿನಲ್ಲಿ ಮೆಟ್ರಿಕ್ ಓದಿದ ನಮ್ಮಂಥವರಿಗೆ ಹಳ್ಳಿಯ ಮನೆಯಲ್ಲಿ ಇರುಳಿಡೀ ದೀಪವುರಿಯುವದನ್ನು ಕಂಡರೆ ಆಗುವ ಹರ್ಷವನ್ನು ಮುಚ್ಚಿಡುವದೇಕೆ? ಇನ್ನು ಆಗಬೇಕಾದುದು, ಒಂದು ಕಡೆಯ ಪೂರೈಕೆಯು ಕೆಟ್ಟರೆ ಇನ್ನೊಂದು ಉಪಕೇಂದ್ರದಿಂದ ತರಲು ಕೂಡುದಾರಿ, ಮತ್ತು ಕೆಟ್ಟ ತುಂಡನ್ನು ಮಾತ್ರ ಬೇರ್ಪಡಿಸಿ ಉಳಿದುದಕ್ಕೆ ಬೆಳಕು ಕೊಡುವ ಸ್ವಿಚ್ಚುಗಳು. ಒಂದು ಹಳ್ಳಿಯ ಟೊಂಗೆ ಬಿದ್ದುದಕ್ಕೆ ಹತ್ತು ಹಳ್ಳಿಗಳು ಕತ್ತಲೆಯಲ್ಲಿರುವದು ನ್ಯಾಯವಲ್ಲ.

ರೈತ ಬಂಧುಗಳಿಗೂ ಒಂದು ಮಾತು ಕಟುವಾಗಿ ಹೇಳಬೇಕಾಗಿದೆ. ಕರೆಂಟು ಬಂದೊಡನೆ ತಾನಾಗಿಯೇ ಓಡತೊಡಗುವ ಆಟೋಸ್ಟಾರ್ಟರನ್ನು ಪ್ರತಿಯೊಬ್ಬನೂ ಜೋಡಿಸಿದರೆ, ಎಲ್ಲ ಮೋಟಾರುಗಳೂ ಒಂದೇ ಕ್ಷಣದಲ್ಲಿ ತಂತಿಯ ಮೇಲೆ ಬೀಳುವವು. ಓಡುವಾಗ ಬೇಕಾಗುವದರ ಹಲವು ಪಟ್ಟು ವಿದ್ಯುತ್ತನ್ನು ಮೋಟಾರು ಎದ್ದೇಳುವಾಗ ಎಳೆಯುತ್ತದೆ. ಕೆಪ್ಯಾಸಿಟರು ಇಲ್ಲ, ಕೊಕ್ಕೆ ಹಾಕಿದ ಅನಧಿಕೃತ ಪಂಪುಗಳು ಬೇರೆ. ಹೀಗಿರುವಲ್ಲಿ ಟಿ.ಸಿ. ಸುಡದೆ ಇನ್ನೇನಾದೀತು? ಸುಟ್ಟ ಮೇಲೆ ಕಂಬ ಹತ್ತುವ ಬಡ ಲೈನ್‌ಮನ್ನನನ್ನು ಬಯ್ಯುವದು ಪೌರುಷವಲ್ಲ.

ಆದರೂ ಸುಟ್ಟ ಟಿ.ಸಿ.ಯನ್ನು ಬದಲಿಸುವ ಹೊಣೆ ಕಂಪನಿಯದೇ. ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಇದಕ್ಕಾಗಿ ಪಟ್ಟಣಗಳಿಗೆ 24 ತಾಸು, ಹಳ್ಳಿಗಳಿಗೆ 72 ತಾಸು ಎಂದು ಗಡುವು ಗೊತ್ತುಮಾಡಿತು. ಹಳ್ಳಿಯವನ ಬಾಯಾರಿಕೆಯು ಪಟ್ಟಣದವನದಕ್ಕಿಂತ ಮೂರು ಪಟ್ಟು ತಾಳ್ಮೆಯುಳ್ಳದ್ದೆಂದು ಯಾರು ಹೇಳಿದರೋ ನಾವರಿಯೆವು. ಬೇಸಿಗೆಯಲ್ಲಿ ದುರಸ್ತಿಯಾದ ಟಿ.ಸಿ.ಗಳನ್ನು ಪ್ರತಿ ತಾಲೂಕಿನ ಉಗ್ರಾಣದಲ್ಲಿಯೇ ಸಿದ್ಧವಾಗಿಟ್ಟರೆ ಆ ಮೂರು ದಿನಗಳು ಒಂದು ದಿನಕ್ಕೆ ಇಳಿಯಬಲ್ಲವು.

ಗಡುವು ಮೀರಿದರೆ ಗ್ರಾಹಕನಿಗೆ ಪರಿಹಾರ ಕೊಡಬೇಕೆಂದು 2003ರ ವಿದ್ಯುಚ್ಛಕ್ತಿ ಕಾಯಿದೆಯೂ, ಆತನ ಹಕ್ಕುಗಳನ್ನು ಕುರಿತ 2020ರ ಕೇಂದ್ರ ನಿಯಮಗಳೂ ಹೇಳುತ್ತವೆ. ತಪ್ಪು ಯಂತ್ರದಿಂದಲೇ ಗೊತ್ತಾಗುವಂತಿದ್ದರೆ ಅರ್ಜಿಯಿಲ್ಲದೆಯೇ ಪರಿಹಾರವು ಸಲ್ಲಬೇಕೆಂಬದು ಆ ನಿಯಮಗಳ ಆಶಯ. ಈ ಹಕ್ಕನ್ನು ಬಲ್ಲ ನೇಕಾರರು ಬನಹಟ್ಟಿಯಲ್ಲಿ ಎಷ್ಟು ಜನರಿರುವರು? 10 ಅಶ್ವಶಕ್ತಿಯವರೆಗಿನ ಪಂಪುಗಳಿಗೆ, 2023ರಿಂದ ಮನೆಗಳಿಗೆ 200 ಯುನಿಟ್ಟಿನವರೆಗೆ ವಿದ್ಯುತ್ತು ಉಚಿತವಾದುದರಿಂದ, ಪುಕ್ಕಟೆ ಉಣ್ಣುವವನು ಅನ್ನ ತಣ್ಣಗಿದೆಯೆನ್ನಬಾರದೆಂಬ ಸಂಕೋಚವು ಜನರಲ್ಲಿ ಹೊಕ್ಕಿದೆ. ಅದರ ಹಣವನ್ನು ಕಂಪನಿಗೆ ಕೊಡುವದು ಸರಕಾರ. ಸರಕಾರದ ಬೊಕ್ಕಸಕ್ಕೆ ತುಂಬುವವರು ಇದೇ ಜನರು. ತಕರಾರು ಹೇಳಲು 1912 ಎಂಬ ಸಂಖ್ಯೆಯಿದೆ. ಕರೆದವರು ತಕರಾರಿನ ನಂಬರನ್ನು ಕೇಳಿ ಬರೆದಿಟ್ಟುಕೊಳ್ಳತಕ್ಕದ್ದು.

ಬೀಳಗಿಯ ಹಳ್ಳಿಗಳನ್ನು ಕುರಿತು ಬೇರೆಯಾಗಿಯೇ ಹೇಳಬೇಕು. ಆಲಮಟ್ಟಿಯ ಹಿನ್ನೀರಿಗೆ ಅವು ತಮ್ಮ ಎರೆಭೂಮಿಯನ್ನೂ ಹುಟ್ಟಿದ ಮನೆಗಳನ್ನೂ ಒಪ್ಪಿಸಿದವು. ಆ ಅಣೆಕಟ್ಟಿನ ಬುಡದ ವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವಾಟ್. ನೆಲ ಕೊಟ್ಟವರ ಪುನರ್ವಸತಿ ಕೇಂದ್ರದಲ್ಲಿ ದೀಪವಾರಿದರೆ, ಎಂದು ಹತ್ತೀತೆಂದು ಕೇಳುವ ಹಕ್ಕು ಅವರಿಗಿಲ್ಲದೆ ಇನ್ನಾರಿಗಿದೆ?

ಬರುವ ಮುಂಗಾರಿನೊಳಗೆ ಹೆಸ್ಕಾಂ ಈ ನಾಲ್ಕು ತಾಲೂಕುಗಳ ಪ್ರತಿಯೊಂದು ಶಾಖಾ ಕಚೇರಿಯ ಬಾಗಿಲಿಗೆ ಒಂದು ಫಲಕ ಹಾಕಲಿ: ಕಳೆದ ತಿಂಗಳು ಫೀಡರುವಾರು ಎಷ್ಟು ತಾಸು ನಿಂತಿತು, ಬರುವ ವಾರ ದುರಸ್ತಿಗಾಗಿ ಎಂದು ನಿಲ್ಲುವದು, ಎಷ್ಟು ಟಿ.ಸಿ. ಸುಟ್ಟವು, ಎಷ್ಟು ದಿನಗಳಲ್ಲಿ ಬದಲಾದವು. ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ. ಈ ಲೆಕ್ಕವೆಲ್ಲ ಉಪಕೇಂದ್ರದ ದಾಖಲೆ ಪುಸ್ತಕದಲ್ಲಿ ಈಗಾಗಲೆ ಬರೆಯಲ್ಪಡುತ್ತಿದೆ. ಅದನ್ನು ಹೊರಗೆ ತೂಗುಹಾಕಲು ಬೇಕಾದುದು ಒಂದು ಹಲಗೆ ಮತ್ತು ಒಂದು ತುಂಡು ಸುಣ್ಣದಕಡ್ಡಿ.